ಬಾಹ್ಯಾಕಾಶದ ಹವಾಮಾನ ಮತ್ತು ವಿಮಾನದ ಕಂಪ್ಯೂಟರ್

ಬಾಹ್ಯಾಕಾಶದ ಹವಾಮಾನ ಎಂದರೆ ಮಳೆ, ಗಾಳಿ, ಮೋಡಗಳ ಹವಾಮಾನವಲ್ಲ. ಸೂರ್ಯನಿಂದ ಎಡೆಬಿಡದೆ ಹೊರಟು ಬರುವ ವಿದ್ಯುದಾವೇಶದ ಕಣಗಳು, ಆಗಾಗ ಸಿಡಿಯುವ ಸೌರಜ್ವಾಲೆಗಳು, ಸೂರ್ಯನ ಹೊರಕವಚದಿಂದ ಕಿತ್ತುಕೊಂಡು ಹೊಮ್ಮುವ ಪ್ಲಾಸ್ಮಾದ ಭಾರಿ ಉಗುಳು, ಇವುಗಳ ಜೊತೆಗೆ ಆಕಾಶಗಂಗೆಯ ದೂರದ ಮೂಲೆಗಳಿಂದ ಬರುವ ವಿಶ್ವಕಿರಣಗಳು ಭೂಮಿಯ ಸುತ್ತ ಉಂಟುಮಾಡುವ ಸ್ಥಿತಿಗತಿಗೆ ಈ ಹೆಸರು. ನೆಲದ ಮೇಲಿರುವವರಿಗೆ ಇದರ ಅರಿವೇ ಆಗುವುದಿಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಮಾತ್ರ ಇದು ಮೂರು ದಾರಿಯಲ್ಲಿ ತಟ್ಟುತ್ತದೆ: ಕಂಪ್ಯೂಟರ್‌ನ ಚಿಪ್ಪಿನೊಳಗೆ ನುಗ್ಗುವ ಕಣಗಳಾಗಿ, ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತವನ್ನು ಕೆಡಿಸುವ ಅಯಾನುಗೋಳದ ಅಲ್ಲೋಲಕಲ್ಲೋಲವಾಗಿ, ಮತ್ತು ರೇಡಿಯೊ ಮಾತುಕತೆಯ ಅಡಚಣೆಯಾಗಿ. ಮೂರೂ ಎಲ್ಲ ಊರಿನ ಆಕಾಶದಲ್ಲಿ ಒಂದೇ ಪ್ರಮಾಣದಲ್ಲಿರುವುದಿಲ್ಲ. ಕರ್ನಾಟಕದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮೇಲಿನ ಆಕಾಶದಲ್ಲಿ ಮೊದಲನೆಯದು ಲೋಕದಲ್ಲೇ ಅತಿ ಕಡಿಮೆ ಇರುವ ಕಡೆಗಳ ಸಾಲಿಗೆ ಸೇರುತ್ತದೆ, ಎರಡನೆಯದು ಅತಿ ಹೆಚ್ಚು ಇರುವ ಕಡೆಗಳ ಸಾಲಿಗೆ. ಭಾರತದ ವಿಮಾನ ಸುರಕ್ಷತೆಯನ್ನು ಅರಿಯಲು ಈ ವ್ಯತ್ಯಾಸ ಬಹಳ ಮುಖ್ಯ.

ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಅದರ ಎಕ್ಸ್-ಕಿರಣ ಬೆಳಕಿನ ವೇಗದಲ್ಲಿ ಬಂದು ಎಂಟೂ ಕಾಲು ನಿಮಿಷದ ಆಸುಪಾಸಿನಲ್ಲಿ ಭೂಮಿ ಮುಟ್ಟುತ್ತದೆ. ಅದರ ಹಿಂದೆ ಹೊರಟ ಅತಿ ವೇಗದ ಪ್ರೋಟಾನ್‌ಗಳು ಕೆಲವು ಹತ್ತು ನಿಮಿಷಗಳಿಂದ ಕೆಲವು ಗಂಟೆಗಳಲ್ಲಿ ಬರುತ್ತವೆ. ಪ್ಲಾಸ್ಮಾದ ಉಗುಳು ನಿಧಾನದ್ದು. ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ, ಬಂದಾಗ ಭೂಮಿಯ ಕಾಂತಕ್ಷೇತ್ರವನ್ನೇ ಅಲ್ಲಾಡಿಸುತ್ತದೆ. ವಿಶ್ವಕಿರಣಗಳಿಗೆ ಇಂಥ ಹೊತ್ತುಗೊತ್ತು ಇಲ್ಲ, ಅವು ವರ್ಷಪೂರ್ತಿ, ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ಸೂರ್ಯ ಉಗ್ರನಾಗಿರುವ ವರ್ಷಗಳಲ್ಲಿ ಅವನ ಕಾಂತಕ್ಷೇತ್ರವೇ ಅಡ್ಡ ನಿಂತು ವಿಶ್ವಕಿರಣಗಳನ್ನು ಒಂದಿಷ್ಟು ತಡೆಯುತ್ತದೆ. ಸೂರ್ಯ ಶಾಂತನಾಗಿರುವ ವರ್ಷಗಳಲ್ಲಿ ಅವು ಹೆಚ್ಚುತ್ತವೆ. ಆದ್ದರಿಂದ ಸೌರ ಬಿರುಗಾಳಿ ಇಲ್ಲದ ದಿನ ವಿಮಾನದ ಚಿಪ್ಪಿಗೆ ಅಪಾಯವೇ ಇಲ್ಲ ಎಂದುಕೊಳ್ಳುವುದು ತಪ್ಪು.

ಚಿಪ್ಪಿಗೆ ಹೊಡೆಯುವುದು ಬಹುಪಾಲು ಮೂಲ ಕಣವಲ್ಲ, ಅದರ ಮರಿಗಳು. ಅಪಾರ ಶಕ್ತಿಯ ಪ್ರೋಟಾನ್ ಒಂದು ವಾಯುಮಂಡಲದ ಮೇಲಂಚಿನಲ್ಲಿ ಸಾರಜನಕ ಅಥವಾ ಆಮ್ಲಜನಕದ ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆದರೆ, ಕೇರಂ ಹಲಗೆಯ ಮೇಲೆ ಸ್ಟ್ರೈಕರ್ ಬಡಿದಾಗ ಕಾಯಿಗಳು ಚದುರುವಂತೆ, ಬೀಜದ ಚೂರುಗಳು ಎಲ್ಲ ಕಡೆಗೂ ಹಾರುತ್ತವೆ. ಆ ಚೂರುಗಳು ಇನ್ನಷ್ಟು ಬೀಜಗಳನ್ನು ಬಡಿಯುತ್ತವೆ. ಕೊನೆಗೆ ಕೆಳಗೆ ಸುರಿಯುವುದು ನ್ಯೂಟ್ರಾನ್, ಮ್ಯೂಆನ್, ಎಲೆಕ್ಟ್ರಾನ್‌ಗಳ ಸೋನೆ. ಇವುಗಳಲ್ಲಿ ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲದ ಕಾರಣ ಅದು ಲೋಹದ ತಗಡನ್ನು ಸಲೀಸಾಗಿ ದಾಟುತ್ತದೆ. ವಿಮಾನದ ಅಲ್ಯುಮಿನಿಯಂ ಮೈಯಾಗಲಿ ಕಂಪ್ಯೂಟರ್‌ನ ಪೆಟ್ಟಿಗೆಯಾಗಲಿ ಅದಕ್ಕೆ ಲೆಕ್ಕಕ್ಕಿಲ್ಲ. ಸೀಸದ ಹೊದಿಕೆಯೂ ಪ್ರಯೋಜನಕ್ಕೆ ಬಾರದು. ವಿಮಾನದ ಎಲೆಕ್ಟ್ರಾನಿಕ್ಸ್ ರೂಪಿಸುವವರು ಬಳಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 40,000 ಅಡಿ ಎತ್ತರ, 45 ಡಿಗ್ರಿ ಅಕ್ಷಾಂಶಕ್ಕೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಗಂಟೆಗೆ ಸುಮಾರು 6,000 ವೇಗದ ನ್ಯೂಟ್ರಾನ್‌ಗಳು ಎಂಬ ಲೆಕ್ಕವಿದೆ. ನ್ಯೂಯಾರ್ಕಿನ ಸಮುದ್ರಮಟ್ಟದಲ್ಲಿ ಅದೇ ಜಾಗಕ್ಕೆ ಗಂಟೆಗೆ ಬೀಳುವುದು ಹದಿಮೂರು ಹದಿನಾಲ್ಕು ಮಾತ್ರ.

ಈ ಕಣಗಳ ಅಧ್ಯಯನದಲ್ಲಿ ಬೆಂಗಳೂರಿಗೆ ಹಳೆಯ ಪಾಲಿದೆ. 1939–40ರ ಚಳಿಗಾಲದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ ತಮ್ಮ ಸಂಗಡಿಗರಾದ ನೆಹರ್ ಮತ್ತು ಪಿಕರಿಂಗ್ ಜೊತೆ ಭಾರತಕ್ಕೆ ಬಂದು ಪೇಶಾವರ, ಆಗ್ರಾ ಮತ್ತು ಬೆಂಗಳೂರಿನಿಂದ ಬಲೂನುಗಳನ್ನು ಹಾರಿಸಿ ವಿಶ್ವಕಿರಣಗಳನ್ನು ಅಳೆದರು. ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಕಾಂತ ಸಮಭಾಜಕಕ್ಕೆ ಹತ್ತಿರವಾದಷ್ಟೂ ಕಿರಣಗಳು ಎಷ್ಟು ತಗ್ಗುತ್ತವೆ ಎಂದು ನೋಡಲು ದಕ್ಷಿಣ ಭಾರತಕ್ಕಿಂತ ಒಳ್ಳೆಯ ಜಾಗ ಅವರಿಗೆ ಸಿಗುವಂತಿರಲಿಲ್ಲ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಹೋಮಿ ಭಾಭಾ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಎಣಿಕೆಯ ಉಪಕರಣಗಳನ್ನು ಮೇಲಕ್ಕೆ ಕಳುಹಿಸಿ ಅಳತೆ ಮಾಡಿದರು. ಆಗ ಆ ಪ್ರಯೋಗಗಳ ಗುರಿ ಶುದ್ಧ ಭೌತವಿಜ್ಞಾನ. ವಿಮಾನವನ್ನೇ ನಡೆಸುವ ಕಂಪ್ಯೂಟರ್ ಎಂಬುದು ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಅಳೆದದ್ದು ಮಾತ್ರ ಇಂದು ಆ ಕಂಪ್ಯೂಟರ್‌ಗಳನ್ನು ಕಾಡುವ ಕಿರಣಗಳನ್ನೇ.

ಮೆಮೊರಿ ಚಿಪ್ಪಿನಲ್ಲಿ ಪ್ರತಿಯೊಂದು ಮಾಹಿತಿಯೂ ಸೊನ್ನೆ ಮತ್ತು ಒಂದುಗಳ ಸಾಲು. ಒಂದೊಂದು ಸೊನ್ನೆ ಅಥವಾ ಒಂದನ್ನು ಬಿಟ್ ಎನ್ನುತ್ತಾರೆ, ಅದನ್ನು ಹಿಡಿದಿಡುವುದು ಅತಿ ಪುಟ್ಟ ವಿದ್ಯುದಾವೇಶ. ನ್ಯೂಟ್ರಾನ್ ಒಂದು ಸಿಲಿಕಾನ್ ಪರಮಾಣುವಿನ ಬೀಜಕ್ಕೆ ನೇರವಾಗಿ ಬಡಿದರೆ ಬೀಜ ಒಡೆದು, ಅದರ ಚೂರುಗಳು ಸಾಗಿದ ದಾರಿಯುದ್ದಕ್ಕೂ ಆವೇಶವನ್ನು ಚೆಲ್ಲುತ್ತವೆ. ಚೆಲ್ಲಿದ ಆವೇಶ ಬಿಟ್ ಹಿಡಿದಿಡಲು ಬೇಕಾದಷ್ಟಕ್ಕಿಂತ ಹೆಚ್ಚಾದರೆ ಸೊನ್ನೆ ಒಂದಾಗುತ್ತದೆ, ಇಲ್ಲವೇ ಒಂದು ಸೊನ್ನೆಯಾಗುತ್ತದೆ. ಚಿಪ್ ಸುಡುವುದಿಲ್ಲ, ಕರಕಲು ವಾಸನೆ ಬರುವುದಿಲ್ಲ, ಗುರುತೂ ಉಳಿಯುವುದಿಲ್ಲ. ಆಮೇಲೆ ಬಿಚ್ಚಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗೇ ಇರುತ್ತದೆ. ತನಿಖೆ ಮಾಡುವವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ಇಂಥ ಬದಲಾವಣೆ ಎಷ್ಟು ದೊಡ್ಡ ತಪ್ಪಿಗೆ ದಾರಿಯಾಗಬಹುದು ಎಂಬುದು ಬಿಟ್ ಯಾವ ಸ್ಥಾನದ್ದು ಎಂಬುದನ್ನು ಅವಲಂಬಿಸಿದೆ. ಬಲತುದಿಯ ಬಿಟ್ ಬದಲಾದರೆ ಅಂಕಿ ಒಂದರಷ್ಟು ಮಾತ್ರ ಆಚೀಚೆಯಾಗುತ್ತದೆ. ಎಡಕ್ಕೆ ಹೋದಷ್ಟೂ ವ್ಯತ್ಯಾಸ ಇಮ್ಮಡಿಯಾಗುತ್ತ ಹೋಗುತ್ತದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರಕ್ಕೆ ಸೇರಿದ ಶಾರ್ಬೀಕ್‌ನಲ್ಲಿ 2003ರ ಮೇ 18ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ನಿಜವಾಗಿ ಬಿದ್ದುದಕ್ಕಿಂತ 4,096 ಮತ ಹೆಚ್ಚಾಗಿ ಬಂದಿತ್ತು. ಬಲದಿಂದ ಎಣಿಸಿದಾಗ ಹದಿಮೂರನೆಯ ಬಿಟ್‌ನ ಬೆಲೆ ಸರಿಯಾಗಿ 4,096. ಮತಯಂತ್ರದಲ್ಲಾಗಲಿ ತಂತ್ರಾಂಶದಲ್ಲಾಗಲಿ ದೋಷ ಕಾಣಲಿಲ್ಲ. ತಾನಾಗಿಯೇ ಬದಲಾದ ಒಂದೇ ಒಂದು ಬಿಟ್ ಇದಕ್ಕೆ ಕಾರಣ ಎಂದು ತಜ್ಞರು ವಿವರಣೆ ಕೊಟ್ಟರು, ಅದಕ್ಕೆ ವಿಶ್ವಕಿರಣವೇ ಕಾರಣವಿರಬಹುದೆಂಬ ಮಾತು ಅಂದಿನಿಂದಲೂ ಇದೆ. ಅದು ನಡೆದದ್ದು ನೆಲದ ಮೇಲೆ. ವಿಮಾನ ಹಾರುವ ಎತ್ತರದಲ್ಲಿ ಕಣಗಳು ನೂರಾರು ಪಟ್ಟು ಹೆಚ್ಚು.

ಬಿಟ್ ಬದಲಾಗುವುದು ಈ ಬಗೆಯ ಪೆಟ್ಟುಗಳಲ್ಲಿ ಸೌಮ್ಯವಾದದ್ದು. ಕೆಲವೊಮ್ಮೆ ಒಂದೇ ಕಣ ಅಕ್ಕಪಕ್ಕದ ಹಲವು ಬಿಟ್‌ಗಳನ್ನು ಒಟ್ಟಿಗೆ ಬದಲಿಸುತ್ತದೆ. ಕೆಲವೊಮ್ಮೆ ಚಿಪ್ಪಿನೊಳಗೆ ಬೇಡದ ದಾರಿಯಲ್ಲಿ ಕರೆಂಟ್ ಹರಿಯತೊಡಗಿ, ವಿದ್ಯುತ್ ಕಡಿದು ಮತ್ತೆ ಕೊಡುವ ತನಕ ಚಿಪ್ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ. ಹೆಚ್ಚು ವೋಲ್ಟೇಜ್ ಹೊರುವ ಪವರ್ ಟ್ರಾನ್ಸಿಸ್ಟರ್‌ಗಳು ಶಾಶ್ವತವಾಗಿ ಸುಟ್ಟುಹೋಗುವುದೂ ಉಂಟು. ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ. ಒಂದು ಬಿಟ್ ಹಿಡಿದಿಡುವ ಆವೇಶವೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತಿದೆ, ಒಂದು ವಿಮಾನದೊಳಗಿನ ಬಿಟ್‌ಗಳ ಒಟ್ಟು ಸಂಖ್ಯೆ ಹೆಚ್ಚುತ್ತಿದೆ. ಚಿಪ್ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಬೋರಾನ್ ಬೆರೆತ ಗಾಜಿನ ಪದರ ನಿಧಾನಗತಿಯ ನ್ಯೂಟ್ರಾನ್‌ಗಳನ್ನೂ ಹೀರಿಕೊಂಡು ಇದೇ ತೊಂದರೆ ಕೊಡುತ್ತದೆಂದು ಗೊತ್ತಾದ ಮೇಲೆ ತಯಾರಕರು ಅದರಿಂದ ದೂರ ಸರಿದರು.

ಹಿಂದಿನ ವಿಮಾನಗಳಲ್ಲಿ ಪೈಲಟ್ ಹಿಡಿದ ಸ್ಟಿಯರಿಂಗ್‌ನಿಂದ ಬಾಲದ ತನಕ ಉಕ್ಕಿನ ಹಗ್ಗ, ರಾಟೆ, ಸರಳುಗಳಿದ್ದವು. ಈಗಿನ ಏರ್‌ಬಸ್ ವಿಮಾನಗಳಲ್ಲಿ ಪೈಲಟ್‌ನ ಪಕ್ಕದಲ್ಲಿರುವುದು ಒಂದು ಸಣ್ಣ ಕೋಲು. ಅದರ ಅಲುಗಾಟ ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್‌ಗೆ ಹೋಗುತ್ತದೆ. ಬಾಲದ ಎಲಿವೇಟರ್ ಎಷ್ಟು ಏಳಬೇಕು, ರೆಕ್ಕೆಯ ಐಲೆರಾನ್ ಎಷ್ಟು ತಿರುಗಬೇಕು ಎಂದು ತೀರ್ಮಾನಿಸುವುದು ಕಂಪ್ಯೂಟರ್. ವಿಮಾನದ ಮೂತಿ ಅಪಾಯದ ಮಟ್ಟಕ್ಕೆ ಮೇಲೆದ್ದಿದೆ ಎಂದು ಅದಕ್ಕೆ ಅನ್ನಿಸಿದರೆ, ಪೈಲಟ್ ಕೇಳದಿದ್ದರೂ ಅದು ಮೂತಿಯನ್ನು ಕೆಳಗಿಳಿಸುತ್ತದೆ. ಈ ವ್ಯವಸ್ಥೆ ಬಹಳಷ್ಟು ಅಪಘಾತಗಳನ್ನು ತಪ್ಪಿಸಿದೆ. ಆದರೆ ಅದಕ್ಕೆ ಸಿಗುವ ಮಾಹಿತಿಯೇ ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೆ 2008ರ ಅಕ್ಟೋಬರ್ 7ರ ಘಟನೆ ಸಾಕ್ಷಿ.

ಅಂದು ಕ್ವಾಂಟಾಸ್ ಸಂಸ್ಥೆಯ 72ನೇ ಸಂಖ್ಯೆಯ ಏರ್‌ಬಸ್ ಎ330 ಸಿಂಗಪುರದಿಂದ ಆಸ್ಟ್ರೇಲಿಯಾದ ಪರ್ತ್‌ಗೆ 37,000 ಅಡಿ ಎತ್ತರದಲ್ಲಿ ಹೋಗುತ್ತಿತ್ತು. ವೇಗ, ಎತ್ತರ, ಗಾಳಿಗೆ ವಿಮಾನ ಒಡ್ಡಿಕೊಂಡ ಕೋನ ಮುಂತಾದವನ್ನು ಲೆಕ್ಕ ಹಾಕಿ ಕೊಡುವ ಮೂರು ಘಟಕಗಳಲ್ಲಿ ಒಂದು ಇದ್ದಕ್ಕಿದ್ದಂತೆ ತಪ್ಪು ಅಂಕಿಗಳನ್ನು ಕಳುಹಿಸತೊಡಗಿತು. ಎತ್ತರದ ಅಂಕಿ ಕೋನದ ಹೆಸರು ಹೊತ್ತು ಹೋಯಿತು. ಎರಡು ಮೂರು ಡಿಗ್ರಿ ಇರಬೇಕಾದ ಕೋನ ಐವತ್ತು ಡಿಗ್ರಿ ದಾಟಿದಂತೆ ಕಂಡಿತು. ಕಂಪ್ಯೂಟರ್ ಮೂತಿಯನ್ನು ಒಮ್ಮೆಲೇ ಕೆಳಗೊತ್ತಿತು. ವಿಮಾನ ಸುಮಾರು 200 ಮೀಟರ್ ಕುಸಿಯಿತು, ಕೆಲವು ನಿಮಿಷಗಳ ನಂತರ ಮತ್ತೊಮ್ಮೆ ಹೀಗೆಯೇ ಆಯಿತು. ಪ್ರಯಾಣಿಕರು ಚಾವಣಿಗೆ ಬಡಿದರು. ವಿಮಾನದಲ್ಲಿದ್ದ 315 ಜನರಲ್ಲಿ 119 ಜನರಿಗೆ ಗಾಯಗಳಾದವು. ಕ್ಯಾಪ್ಟನ್ ಕೆವಿನ್ ಸುಲಿವನ್ ವಿಮಾನವನ್ನು ಹತ್ತಿರದ ಲಿಯರ್‌ಮಂತ್ ನಿಲ್ದಾಣದಲ್ಲಿ ಇಳಿಸಿದರು.

ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಮೂರು ವರ್ಷಕ್ಕೂ ಹೆಚ್ಚು ಕಾಲ ತನಿಖೆ ನಡೆಸಿ 2011ರ ಡಿಸೆಂಬರ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಆ ಘಟಕದಲ್ಲಿ ತಪ್ಪು ಹುಟ್ಟಿದ್ದು ಯಾವುದರಿಂದ ಎಂದು ತಿಳಿಯಲು ಒಂದೊಂದೇ ಕಾರಣವನ್ನು ಪರೀಕ್ಷಿಸಿ ತೆಗೆದುಹಾಕುತ್ತ ಬಂದರು. ವಿಶ್ವಕಿರಣದ ಪೆಟ್ಟು ಸಾಧ್ಯತೆಯಾಗಿ ಉಳಿಯಿತು, ಸಾಬೀತುಪಡಿಸಲು ಸಾಕಷ್ಟು ಪುರಾವೆ ಸಿಗಲಿಲ್ಲ. ಹಾಗೆಂದು ವರದಿ ವ್ಯರ್ಥವಾಗಲಿಲ್ಲ. ಒಂದು ಘಟಕದ ಸುಳ್ಳನ್ನು ಮುಖ್ಯ ಕಂಪ್ಯೂಟರ್ ಏಕೆ ನಂಬಿತು ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿತು. ಸುಮಾರು 1.2 ಸೆಕೆಂಡ್ ಅಂತರದಲ್ಲಿ ಬಂದ ಎರಡು ತಪ್ಪು ಅಂಕಿಗಳನ್ನು ಸೋಸಿ ತೆಗೆಯಲು ಅದರ ಲೆಕ್ಕದ ಕ್ರಮಕ್ಕೆ ಆಗುತ್ತಿರಲಿಲ್ಲ. ಏರ್‌ಬಸ್ ಆ ಕ್ರಮವನ್ನೇ ತಿದ್ದಿತು. ಮೊದಲ ತಪ್ಪಿಗೆ ಕಾರಣ ಏನೇ ಇರಲಿ, ಆ ತಪ್ಪು ಮುಂದಕ್ಕೆ ಹಾದು ವಿಮಾನವನ್ನು ಅಲ್ಲಾಡಿಸದಂತೆ ನೋಡಿಕೊಳ್ಳುವುದೇ ಇಲ್ಲಿ ನಿಜವಾದ ಪರಿಹಾರ.

ಕ್ವಾಂಟಾಸ್ ಘಟನೆಯ ಹದಿನೇಳು ವರ್ಷಗಳ ನಂತರ ಇದೇ ವಿಷಯ ಭಾರತದ ವಿಮಾನ ನಿಲ್ದಾಣಗಳಿಗೇ ಬಂತು. 2025ರ ಅಕ್ಟೋಬರ್ 30ರಂದು ಮೆಕ್ಸಿಕೊದ ಕ್ಯಾನ್‌ಕೂನ್‌ನಿಂದ ಅಮೆರಿಕದ ನ್ಯೂವರ್ಕ್‌ಗೆ ಹೋಗುತ್ತಿದ್ದ ಜೆಟ್‌ಬ್ಲೂ ಸಂಸ್ಥೆಯ ಏರ್‌ಬಸ್ ಎ320 ಪೈಲಟ್‌ಗಳು ಏನೂ ಮಾಡದೆಯೇ ಮೂತಿ ಕೆಳಗೆ ಮಾಡಿ ಇಳಿಯಿತು. ಹಲವರಿಗೆ ಗಾಯಗಳಾಗಿ ವಿಮಾನ ಟ್ಯಾಂಪಾದಲ್ಲಿ ಇಳಿಯಬೇಕಾಯಿತು. ನವೆಂಬರ್ 28ರಂದು ಏರ್‌ಬಸ್ ಒಂದು ಪ್ರಕಟಣೆ ಹೊರಡಿಸಿತು: ತೀವ್ರ ಸೌರ ವಿಕಿರಣದಿಂದ ಹಾರಾಟ ನಿಯಂತ್ರಣಕ್ಕೆ ಬೇಕಾದ ಮಾಹಿತಿ ಕೆಡಬಹುದು, ಲೋಕದಾದ್ಯಂತ ಸುಮಾರು 6,000 ಎ320 ಕುಟುಂಬದ ವಿಮಾನಗಳನ್ನು ಸರಿಪಡಿಸಬೇಕು. ಯುರೋಪಿನ ಸುರಕ್ಷತಾ ಸಂಸ್ಥೆ ತುರ್ತು ಆದೇಶ ಕೊಟ್ಟಿತು. ಸರಿಪಡಿಸದೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿರಲಿಲ್ಲ.

ದೋಷ ಇದ್ದದ್ದು ಎಲಿವೇಟರ್ ಮತ್ತು ಐಲೆರಾನ್‌ಗಳನ್ನು ನಡೆಸುವ, ವಿಮಾನ ಎಂಜಿನಿಯರುಗಳ ಬಾಯಲ್ಲಿ ‘ಎಲಾಕ್’ ಎನ್ನಿಸಿಕೊಳ್ಳುವ ಕಂಪ್ಯೂಟರ್‌ನಲ್ಲಿ. ಒಂದು ವಿಮಾನದಲ್ಲಿ ಇಂಥವು ಎರಡಿರುತ್ತವೆ. ಅದಕ್ಕೆ ಹಾಕಿದ್ದ ಹೊಸ ಆವೃತ್ತಿಯ ತಂತ್ರಾಂಶವೇ ತೊಂದರೆಗೆ ಮೂಲ. ಆದ್ದರಿಂದ ಬಹುಪಾಲು ವಿಮಾನಗಳಿಗೆ ಪರಿಹಾರ ಸರಳವಾಗಿತ್ತು: ನಿಂತ ವಿಮಾನದ ಕಾಕ್‌ಪಿಟ್‌ಗೆ ಎಂಜಿನಿಯರು ಹತ್ತಿ, ಡೇಟಾ ಲೋಡರ್ ಜೋಡಿಸಿ, ಹೊಸ ತಂತ್ರಾಂಶ ತೆಗೆದು ಹಿಂದಿನ ಆವೃತ್ತಿಯನ್ನು ತುಂಬುವುದು. ಒಂದು ವಿಮಾನಕ್ಕೆ ಎರಡು ಮೂರು ಗಂಟೆಯ ಕೆಲಸ. ಕೆಲವು ಹಳೆಯ ವಿಮಾನಗಳಿಗೆ ಮಾತ್ರ ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಭಾರತದಲ್ಲಿ 338 ವಿಮಾನಗಳು ಈ ಪಟ್ಟಿಗೆ ಬಂದವು. ಇಂಡಿಗೊ ಸಂಸ್ಥೆಯವು 200, ಏರ್ ಇಂಡಿಯಾದವು 113, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನವು 25. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಆದೇಶದಂತೆ ಆ ವಾರಾಂತ್ಯದಲ್ಲೇ ಬಹುತೇಕ ಕೆಲಸ ಮುಗಿಯಿತು. ಲೋಕದಲ್ಲೇ ದೊಡ್ಡ ಎ320 ಪಡೆಗಳಲ್ಲಿ ಒಂದು ಭಾರತದಲ್ಲಿರುವಾಗ ಎರಡು ದಿನಗಳಲ್ಲಿ ಇದನ್ನು ಮುಗಿಸಿದ ನೆಲದ ಸಿಬ್ಬಂದಿಯ ಶ್ರಮ ದೊಡ್ಡದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಅಕ್ಟೋಬರ್ 30ರಂದು ಹೇಳಿಕೊಳ್ಳುವಂಥ ಸೌರ ಬಿರುಗಾಳಿ ಇರಲಿಲ್ಲ. ಹಾಗಾಗಿ ಸೂರ್ಯನಿಗಿಂತ ಯಾವಾಗಲೂ ಬೀಳುತ್ತಲೇ ಇರುವ ವಿಶ್ವಕಿರಣದ ಕಣವೇ ಕಾರಣವಿರಬಹುದು ಎಂದು ಹಲವು ವಿಕಿರಣ ತಜ್ಞರು ಹೇಳಿದ್ದಾರೆ. ಇನ್ನೂ ಮುಖ್ಯವಾದದ್ದು, ಅದೇ ಕಣಗಳ ಸೋನೆಯಲ್ಲಿ ಹಳೆಯ ತಂತ್ರಾಂಶದ ವಿಮಾನಗಳು ವರ್ಷಗಟ್ಟಲೆ ಸುರಕ್ಷಿತವಾಗಿ ಹಾರಿವೆ. ಕಣ ಬೀಳುವುದನ್ನು ತಡೆಯಲಾಗದು ಎಂದ ಮೇಲೆ ಜವಾಬ್ದಾರಿ ಕಂಪ್ಯೂಟರ್ ರೂಪಿಸುವವರ ಮೇಲೆಯೇ ಉಳಿಯುತ್ತದೆ. ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟುವುದು ಸರಿಯಲ್ಲ.

ರೂಪಿಸುವವರ ಕೈಯಲ್ಲಿ ಒಳ್ಳೆಯ ಉಪಾಯಗಳಿವೆ. ಮೆಮೊರಿಯಲ್ಲಿ ಪ್ರತಿ ಅಂಕಿಯ ಜೊತೆಗೆ ಕೆಲವು ಹೆಚ್ಚುವರಿ ಬಿಟ್‌ಗಳನ್ನಿಟ್ಟರೆ, ಒಂದು ಬಿಟ್ ಕೆಟ್ಟಾಗ ಯಾವುದು ಕೆಟ್ಟಿತೆಂದು ಕಂಡುಹಿಡಿದು ತಾನಾಗಿಯೇ ತಿದ್ದಿಕೊಳ್ಳಬಹುದು. ಮೆಮೊರಿಯನ್ನು ಆಗಾಗ ಓದಿ ಶುದ್ಧಗೊಳಿಸುತ್ತಿದ್ದರೆ ಎರಡು ತಪ್ಪುಗಳು ಒಂದೇ ಕಡೆ ಸೇರುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಹಲವು ಕಂಪ್ಯೂಟರ್‌ಗಳಿಂದ ಒಂದೇ ಲೆಕ್ಕ ಮಾಡಿಸಿ ಮತ ಹಾಕಿಸುವುದು. ಬೆಂಗಳೂರಿನಲ್ಲಿ ಹುಟ್ಟಿ, 2001ರ ಜನವರಿ 4ರಂದು ಅಲ್ಲಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ಕಂಪ್ಯೂಟರ್‌ನಲ್ಲಿ ಒಂದೇ ಕೆಲಸಕ್ಕೆ ನಾಲ್ಕು ಸಾಲುಗಳಿವೆ. ಒಂದು ಸಾಲು ಬೇರೆ ಉತ್ತರ ಕೊಟ್ಟರೆ ಉಳಿದವು ಅದನ್ನು ಹೊರಗಿಡುತ್ತವೆ. ಅದನ್ನು ರೂಪಿಸಿದ್ದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ. ಬೋಯಿಂಗ್ 777ರಲ್ಲಿ ಮೂರು ಮುಖ್ಯ ಕಂಪ್ಯೂಟರ್‌ಗಳಿದ್ದು, ಪ್ರತಿಯೊಂದರಲ್ಲೂ ಮೂರು ಬೇರೆ ಬೇರೆ ಕಂಪನಿಗಳ ಪ್ರೊಸೆಸರ್‌ಗಳನ್ನು ಇಡಲಾಗಿದೆ. ಒಂದು ಬಗೆಯ ಚಿಪ್ಪಿನ ದೌರ್ಬಲ್ಯ ಎಲ್ಲವನ್ನೂ ಒಟ್ಟಿಗೆ ಕೆಡವಬಾರದು ಎಂಬುದೇ ಇದರ ಉದ್ದೇಶ. ಹೊಸ ಚಿಪ್ಪುಗಳನ್ನು ವಿಮಾನಕ್ಕೆ ಹಾಕುವ ಮೊದಲು ಅಮೆರಿಕದ ಲಾಸ್ ಅಲಾಮೋಸ್, ಬ್ರಿಟನ್ನಿನ ರದರ್‌ಫರ್ಡ್ ಆ್ಯಪಲ್‌ಟನ್ ಪ್ರಯೋಗಾಲಯದಂಥ ಕಡೆ ನ್ಯೂಟ್ರಾನ್ ಹರಿವಿಗೆ ಒಡ್ಡಿ, ಆಕಾಶದಲ್ಲಿ ಸಾವಿರಾರು ಗಂಟೆಗಳಲ್ಲಿ ಬೀಳುವ ಪೆಟ್ಟನ್ನು ಅಲ್ಪಕಾಲದಲ್ಲೇ ಹೊಡೆಸಿ ನೋಡುತ್ತಾರೆ.

ಕಣಗಳಿಂದ ಕಾಯುವ ಇನ್ನೊಂದು ಗೋಡೆ ಭೂಮಿಯದ್ದೇ. ವಿದ್ಯುದಾವೇಶದ ಕಣ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಬಂದರೆ ಬಾಗುತ್ತದೆ. ಸಮಭಾಜಕದ ಬಳಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವುದರಿಂದ ಮೇಲಿನಿಂದ ಬರುವ ಕಣ ಅವುಗಳನ್ನು ಅಡ್ಡ ದಾಟಲೇಬೇಕು. ಧ್ರುವಗಳ ಬಳಿ ರೇಖೆಗಳು ನೇರವಾಗಿ ಕೆಳಗಿಳಿಯುವುದರಿಂದ ಕಣಗಳು ಅವುಗಳ ಗುಂಟ ಜಾರಿಕೊಂಡು ಬರುತ್ತವೆ. ಕೊಟ್ಟೂರಿನ ಅಕ್ಷಾಂಶ ಹೆಚ್ಚುಕಡಿಮೆ 14.8 ಡಿಗ್ರಿ ಉತ್ತರ. ಕಾಂತ ಸಮಭಾಜಕ ಹಾದುಹೋಗುವುದು ತಿರುನೆಲ್ವೇಲಿಯ ಆಸುಪಾಸಿನಲ್ಲಿ, ಅಂದರೆ ಕೊಟ್ಟೂರಿನಿಂದ ಆರು ಡಿಗ್ರಿಯಷ್ಟು ದಕ್ಷಿಣಕ್ಕೆ. ಈ ಪ್ರದೇಶಕ್ಕೆ ಮೇಲಿನಿಂದ ನೇರವಾಗಿ ಇಳಿಯಬೇಕಾದರೆ ಪ್ರೋಟಾನ್‌ಗೆ ಸುಮಾರು 1,600 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಭೂಮಿಯ ಮೇಲೆ ಇದಕ್ಕಿಂತ ಎತ್ತರದ ತಡೆ ಬೇರೆಲ್ಲೂ ಇಲ್ಲವೆನ್ನಬಹುದು. ಸೂರ್ಯ ಉಗುಳುವ ಪ್ರೋಟಾನ್‌ಗಳಲ್ಲಿ ಇಷ್ಟು ಶಕ್ತಿಯವು ಅಪರೂಪದಲ್ಲಿ ಅಪರೂಪ. ಹಾಗಾಗಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ದೇಶದೊಳಗೆ ಹಾರುವ ವಿಮಾನಕ್ಕೆ ಸೌರ ಕಣಗಳ ಬಿರುಗಾಳಿ ತಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ನಿಲ್ದಾಣಗಳಿಗೆ ಬಂದುಹೋಗುವ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ ಜೆಟ್‌ಗಿಂತ ಬಹಳ ಕೆಳಗೆ ಹಾರುವುದರಿಂದ ಅದಕ್ಕೆ ಬೀಳುವ ವಿಶ್ವಕಿರಣದ ಪಾಲೂ ಕಡಿಮೆ.

ಈ ಗೋಡೆಯ ಆಶ್ರಯ ಬಿಟ್ಟು ಹಾರಿದ ವಿಮಾನಗಳೂ ಬೆಂಗಳೂರಿಗೆ ಬಂದಿವೆ. 2021ರ ಜನವರಿ 11ರ ನಸುಕಿನಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಇಳಿದ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಎಲ್ಲೂ ನಿಲ್ಲದೆ ಸುಮಾರು 14,000 ಕಿ.ಮೀ. ಹಾರಿ ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಧ್ರುವದ ದಾರಿ ಇಂಧನ ಮತ್ತು ಸಮಯ ಉಳಿಸುತ್ತದೆ. ಆದರೆ ಅಲ್ಲಿ ಕಾಂತಕ್ಷೇತ್ರದ ತಡೆ ಇಲ್ಲವೇ ಇಲ್ಲ ಎನ್ನಬಹುದು. ದೊಡ್ಡ ಸೌರ ಕಣದ ಬಿರುಗಾಳಿ ಬಂದ ದಿನ ಅದೇ ದಾರಿಯಲ್ಲಿ ಚಿಪ್ಪುಗಳಿಗೆ ಬೀಳುವ ಪೆಟ್ಟು ಹಲವು ಪಟ್ಟು ಹೆಚ್ಚುತ್ತದೆ, ಶಾರ್ಟ್‌ವೇವ್ ರೇಡಿಯೊ ದಿನಗಟ್ಟಲೆ ಸತ್ತುಹೋಗಬಹುದು, ಸಿಬ್ಬಂದಿಯ ಮೈಗೆ ತಗಲುವ ವಿಕಿರಣವೂ ಏರುತ್ತದೆ. ಅಂಥ ದಿನ ವಿಮಾನ ಸಂಸ್ಥೆಗಳು ದಾರಿಯನ್ನು ದಕ್ಷಿಣಕ್ಕೆ ಸರಿಸುತ್ತವೆ, ಅಥವಾ ಕೆಳಗಿನ ಎತ್ತರದಲ್ಲಿ ಹಾರುತ್ತವೆ. ಹಿಂದೆ ಸುಮಾರು 18 ಕಿ.ಮೀ. ಎತ್ತರದಲ್ಲಿ ಹಾರುತ್ತಿದ್ದ ಕಾನ್‌ಕಾರ್ಡ್ ವಿಮಾನದಲ್ಲಿ ವಿಕಿರಣ ಅಳೆಯುವ ಮೀಟರನ್ನೇ ಇಟ್ಟಿದ್ದರು.

ಇನ್ನು ಕೊಟ್ಟೂರಿನ ಆಕಾಶದ ನಿಜವಾದ ತೊಡಕಿಗೆ ಬರಬೇಕು. ನೆಲದಿಂದ ಸುಮಾರು 80 ಕಿ.ಮೀ. ಮೇಲಿಂದ ನೂರಾರು ಕಿ.ಮೀ. ತನಕ ಹಬ್ಬಿರುವ ಅಯಾನುಗೋಳದಲ್ಲಿ ಸೂರ್ಯನ ಕಿರಣ ಅನಿಲಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿ ಹರಡಿರುತ್ತದೆ. ಜಿಪಿಎಸ್ ಉಪಗ್ರಹದ ಸಂಕೇತ ಈ ಪದರವನ್ನು ದಾಟುವಾಗ ತುಸು ತಡವಾಗುತ್ತದೆ. ಉಪಗ್ರಹ ಎಷ್ಟು ದೂರ ಎಂಬುದನ್ನು ಸಂಕೇತ ಬಂದ ಸಮಯದಿಂದಲೇ ಲೆಕ್ಕ ಹಾಕುವುದರಿಂದ, ಈ ತಡ ಕೆಲವು ಮೀಟರುಗಳಿಂದ ಹತ್ತಾರು ಮೀಟರುಗಳ ತನಕದ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಕಾಂತ ಸಮಭಾಜಕದ ಮೇಲೆ ಹಗಲಿನಲ್ಲಿ ಎಲೆಕ್ಟ್ರಾನ್‌ಗಳು ಮೇಲಕ್ಕೆ ಎತ್ತಲ್ಪಟ್ಟು, ಕಾಂತರೇಖೆಗಳ ಗುಂಟ ಎರಡೂ ಬದಿಗೆ ಇಳಿದು ರಾಶಿಯಾಗುತ್ತವೆ. ಭಾರತದಲ್ಲಿ ಆ ರಾಶಿಯ ತುದಿ ಬೀಳುವುದು ಅಹಮದಾಬಾದ್, ಭೋಪಾಲ್‌ಗಳ ಕಡೆ. ಕೊಟ್ಟೂರು ಸಮಭಾಜಕಕ್ಕೂ ಈ ತುದಿಗೂ ನಡುವಿನ ಇಳಿಜಾರಿನಲ್ಲಿದೆ. ಹೊತ್ತು ಮುಳುಗಿದ ಮೇಲೆ ಇನ್ನೊಂದು ಕಾಟ ಶುರುವಾಗುತ್ತದೆ: ಅಯಾನುಗೋಳದ ತಳದಿಂದ ಎಲೆಕ್ಟ್ರಾನ್ ತೆಳುವಾದ ಗುಳ್ಳೆಗಳು ಎದ್ದು, ನೂರಾರು ಕಿ.ಮೀ. ಮೇಲೇರಿ ಉತ್ತರ ದಕ್ಷಿಣಕ್ಕೆ ಚಾಚಿಕೊಳ್ಳುತ್ತವೆ. ಅವುಗಳ ಮೂಲಕ ಬಂದ ಉಪಗ್ರಹ ಸಂಕೇತ ಮಿನುಗತೊಡಗುತ್ತದೆ. ರಿಸೀವರ್ ಕೆಲವು ಉಪಗ್ರಹಗಳ ಹಿಡಿತ ತಪ್ಪಿಸಿಕೊಳ್ಳಬಹುದು. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಅದರಲ್ಲೂ ಸೂರ್ಯ ಉಗ್ರನಾಗಿರುವ ವರ್ಷಗಳಲ್ಲಿ, ಸಂಜೆ ಏಳೆಂಟು ಗಂಟೆಯಿಂದ ನಡುರಾತ್ರಿಯ ತನಕ ಇದು ಹೆಚ್ಚು. ಸೌರ ಬಿರುಗಾಳಿಯೇ ಬರಬೇಕೆಂದಿಲ್ಲ, ಸಾಧಾರಣ ದಿನವೂ ಹೀಗಾಗುತ್ತದೆ.

ಭಾರತ ಈ ತೊಡಕನ್ನು ಎದುರಿಸಲು ಕಟ್ಟಿದ ವ್ಯವಸ್ಥೆ ಗಗನ್. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಇದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ದೇಶದ 15 ಕಡೆ, ತಮ್ಮ ಜಾಗ ಅತಿ ನಿಖರವಾಗಿ ಗೊತ್ತಿರುವ ಕೇಂದ್ರಗಳು ಜಿಪಿಎಸ್ ಸಂಕೇತ ಕೇಳುತ್ತಿರುತ್ತವೆ. ಜಿಪಿಎಸ್ ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಇರುವ ವ್ಯತ್ಯಾಸದಿಂದ ಅಯಾನುಗೋಳದ ಆ ಹೊತ್ತಿನ ತಡವನ್ನು ಲೆಕ್ಕ ಹಾಕಿ, ತಿದ್ದುಪಡಿಯನ್ನು ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳಿಗೆ ಬಿತ್ತರಿಸಲಾಗುತ್ತದೆ. ಸಂಕೇತ ನಂಬುವಂತಿಲ್ಲ ಎಂದಾದರೆ ಆರು ಸೆಕೆಂಡುಗಳ ಆಸುಪಾಸಿನಲ್ಲಿ ಪೈಲಟ್‌ಗೆ ಎಚ್ಚರಿಕೆ ಹೋಗಬೇಕು. ಅಮೆರಿಕ, ಯುರೋಪ್, ಜಪಾನ್‌ಗಳ ಇಂಥ ವ್ಯವಸ್ಥೆಗಳು ಬಹುಮಟ್ಟಿಗೆ ಸಮಭಾಜಕದಿಂದ ದೂರದ ಆಕಾಶಕ್ಕೆ ಹೊಂದಿಕೊಂಡವು. ಅಯಾನುಗೋಳವನ್ನು ಒಂದೇ ತೆಳು ಪದರ ಎಂದು ಎಣಿಸುವ ಅವರ ಲೆಕ್ಕ ಇಲ್ಲಿಗೆ ಸಾಲದೆ, ಹಲವು ಪದರಗಳ ಲೆಕ್ಕ ಹೆಣೆಯುವ ಬೇರೆಯೇ ಮಾದರಿಯನ್ನು ಇಸ್ರೋ ಸಿದ್ಧಪಡಿಸಬೇಕಾಯಿತು. ಗಗನ್‌ಗೆ 2013ರ ಡಿಸೆಂಬರ್ 30ರಂದು ಮೊದಲ ಹಂತದ, 2015ರ ಏಪ್ರಿಲ್ 21ರಂದು ಎತ್ತರದ ಮಾರ್ಗದರ್ಶನವೂ ಸೇರಿದ ಹಂತದ ಮಾನ್ಯತೆ ದೊರೆಯಿತು. 2022ರ ಏಪ್ರಿಲ್‌ನಲ್ಲಿ ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು.

ಗಗನ್‌ನ ಹೆಚ್ಚಿನ ಪ್ರಯೋಜನ ಸಣ್ಣ ನಿಲ್ದಾಣಗಳಿಗೆ. ರನ್‌ವೇಯ ಪಕ್ಕದಲ್ಲಿ ದುಬಾರಿ ಇಳಿಕೆ ಉಪಕರಣ ಹೂಡಿ ಸಂಭಾಳಿಸುವ ಖರ್ಚಿಲ್ಲದೆ ಮೋಡ ಮಂಜಿನಲ್ಲಿ ವಿಮಾನ ಇಳಿಸಬಹುದು. ಕೊಟ್ಟೂರು ಸೀಮೆಯ ಜನ ವಿಮಾನ ಹತ್ತಲು ತೋರಣಗಲ್ಲಿನ ವಿದ್ಯಾನಗರ, ಹುಬ್ಬಳ್ಳಿ, ಶಿವಮೊಗ್ಗ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಸಣ್ಣ ಊರುಗಳ ವಿಮಾನಯಾನ ಬೆಳೆದಷ್ಟೂ ಉಪಗ್ರಹದ ನೆರವು ಹೆಚ್ಚು ಬೇಕಾಗುತ್ತದೆ, ಅಯಾನುಗೋಳದ ಸ್ಥಿತಿ ಅಷ್ಟೇ ಮುಖ್ಯವಾಗುತ್ತದೆ. ಅಯಾನುಗೋಳ ಕದಡಿದ ಹೊತ್ತಿನಲ್ಲಿ ಗಗನ್ ಸುಳ್ಳು ಎತ್ತರ ಹೇಳುವುದಿಲ್ಲ, ಎತ್ತರದ ಮಾರ್ಗದರ್ಶನವನ್ನೇ ನಿಲ್ಲಿಸುತ್ತದೆ. ಆಗ ಪೈಲಟ್ ಬೇರೆ ವಿಧಾನದಲ್ಲಿ ಇಳಿಸಬೇಕು, ಅಥವಾ ಬೇರೆ ನಿಲ್ದಾಣಕ್ಕೆ ಹೋಗಬೇಕು. 2003ರ ಅಕ್ಟೋಬರ್ ಕೊನೆಯ ಭಾರಿ ಸೌರ ಬಿರುಗಾಳಿಯಲ್ಲಿ ಅಮೆರಿಕದ ಇಂಥದೇ ವ್ಯವಸ್ಥೆಯಲ್ಲಿ ಎತ್ತರದ ಮಾರ್ಗದರ್ಶನ ಎರಡು ದಿನ ಹಲವು ಗಂಟೆಗಳ ಕಾಲ ಸಿಗಲಿಲ್ಲ. ಪ್ರಯಾಣಿಕರಿಗೆ ವಿಳಂಬವಾದರೂ ಜೀವಕ್ಕೆ ಕುತ್ತಿಲ್ಲ, ವ್ಯವಸ್ಥೆ ಇರಬೇಕಾದದ್ದೇ ಹಾಗೆ.

ರೇಡಿಯೊದ ಮಾತು ಚಿಕ್ಕದು. ಭಾರತದ ನೆಲದ ಮೇಲೆ ಪೈಲಟ್ ಮಾತಾಡುವುದು ವಿಎಚ್‌ಎಫ್ ರೇಡಿಯೊದಲ್ಲಿ, ಅದು ಅಯಾನುಗೋಳವನ್ನು ನೆಚ್ಚಿಲ್ಲ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಮೇಲೆ ದೂರ ಹೋದಾಗ ಶಾರ್ಟ್‌ವೇವ್ ಅಥವಾ ಉಪಗ್ರಹದ ಸಂಪರ್ಕ ಬೇಕು. ಹಗಲಿನಲ್ಲಿ ದೊಡ್ಡ ಸೌರಜ್ವಾಲೆ ಸಿಡಿದರೆ ಶಾರ್ಟ್‌ವೇವ್ ಒಂದೆರಡು ಗಂಟೆ ಮೌನವಾಗುತ್ತದೆ. 2017ರ ಸೆಪ್ಟೆಂಬರ್ 6ರಂದು ಕೆರಿಬಿಯನ್ ದ್ವೀಪಗಳಲ್ಲಿ ಇರ್ಮಾ ಚಂಡಮಾರುತ ಬಡಿಯುತ್ತಿದ್ದ ಹೊತ್ತಿನಲ್ಲೇ ಹೀಗಾಗಿ ರಕ್ಷಣಾ ಕಾರ್ಯಕ್ಕೂ ತೊಂದರೆಯಾಯಿತು. ಅಪರೂಪಕ್ಕೆ ರಾಡಾರ್ ಕೂಡ ಕಂಗೆಡುತ್ತದೆ: 2015ರ ನವೆಂಬರ್ 4ರಂದು ಸೂರ್ಯನ ರೇಡಿಯೊ ಅಲೆಗಳು ಸ್ವೀಡನ್ನಿನ ರಾಡಾರ್‌ಗಳಲ್ಲಿ ಇಲ್ಲದ ವಿಮಾನಗಳನ್ನು ತೋರಿಸಿದ್ದರಿಂದ ಅಲ್ಲಿನ ವಿಮಾನ ಸಂಚಾರವನ್ನು ತಡೆಹಿಡಿಯಬೇಕಾಯಿತು.

ಮುನ್ನೆಚ್ಚರಿಕೆ ಕೊಡುವ ಕೆಲಸ ಈಗ ಕ್ರಮಬದ್ಧವಾಗಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನೇಮಿಸಿದ ಬಾಹ್ಯಾಕಾಶ ಹವಾಮಾನ ಕೇಂದ್ರಗಳು 2019ರ ನವೆಂಬರ್ 7ರಿಂದ ಸಂಚಾರ ನಿಯಂತ್ರಕರಿಗೂ ವಿಮಾನ ಸಂಸ್ಥೆಗಳಿಗೂ ಸೂಚನೆ ಕಳುಹಿಸುತ್ತಿವೆ. ಶಾರ್ಟ್‌ವೇವ್, ಉಪಗ್ರಹ ಮಾರ್ಗದರ್ಶನ, ವಿಕಿರಣ ಈ ಮೂರಕ್ಕೂ ಮಧ್ಯಮ ಮತ್ತು ತೀವ್ರ ಎಂಬ ಎರಡು ಮಟ್ಟಗಳಿವೆ. ವಿಕಿರಣ ಗಂಟೆಗೆ 30 ಮೈಕ್ರೋಸೀವರ್ಟ್ ಮುಟ್ಟಿದರೆ ಮಧ್ಯಮ, 80 ಮುಟ್ಟಿದರೆ ತೀವ್ರ. ಮಾಮೂಲು ದಿನ ಜೆಟ್ ವಿಮಾನದಲ್ಲಿ ಇದು ಗಂಟೆಗೆ ಬೆರಳೆಣಿಕೆಯ ಮೈಕ್ರೋಸೀವರ್ಟ್.

ಸೂರ್ಯನನ್ನು ಕಾಯುವುದರಲ್ಲಿ ಕರ್ನಾಟಕದ ಪಾತ್ರ ದೊಡ್ಡದು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿದ ಆದಿತ್ಯ ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ಸೇರಿತು. ಅದರ ಮುಖ್ಯ ಉಪಕರಣವಾದ ಕರೋನಾಗ್ರಾಫನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ತಯಾರಿಸಿತು, ಎಕ್ಸ್-ಕಿರಣ ಅಳೆಯುವ ಎರಡು ಉಪಕರಣಗಳು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವು. ಪ್ಲಾಸ್ಮಾದ ಉಗುಳು ಭೂಮಿಗಿಂತ ಮೊದಲು ಆ ನೆಲೆಯನ್ನು ಹಾದುಬರುವುದರಿಂದ, ಅದರ ಕಾಂತಕ್ಷೇತ್ರ ಹೇಗಿದೆ ಎಂಬ ಸುಳಿವು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಸಿಗುತ್ತದೆ. ಅದೇ ಖಭೌತ ಸಂಸ್ಥೆಯ ಗೌರಿಬಿದನೂರಿನ ರೇಡಿಯೊ ದೂರದರ್ಶಕಗಳು ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳಿಂದ ಸೂರ್ಯನ ಹೊರಕವಚದ ಸ್ಫೋಟದ ಅಲೆಗಳನ್ನು ಹಿಡಿಯುತ್ತವೆ. 2024ರ ಮೇ 10–11ರಂದು ಎರಡು ದಶಕಗಳಲ್ಲೇ ಪ್ರಬಲವಾದ ಕಾಂತ ಬಿರುಗಾಳಿ ಬಂದು ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಂಡಾಗ, ಅದನ್ನು ಆದಿತ್ಯವೂ ದಾಖಲಿಸಿತು.

ಬಾಹ್ಯಾಕಾಶದ ಹವಾಮಾನವೇ ಕಾರಣವೆಂದು ಸಾಬೀತಾದ ಪ್ರಯಾಣಿಕ ವಿಮಾನ ಪತನ ಈವರೆಗೆ ಒಂದೂ ಇಲ್ಲ. ಕ್ವಾಂಟಾಸ್ ಘಟನೆಯಲ್ಲಿ ಗಾಯಗೊಂಡವರಲ್ಲಿ ಹೆಚ್ಚಿನವರು ಎದ್ದು ಓಡಾಡುತ್ತಿದ್ದವರು, ಇಲ್ಲವೇ ಕೂತಿದ್ದರೂ ಬೆಲ್ಟ್ ಬಿಚ್ಚಿಕೊಂಡಿದ್ದವರು. ಚಿಪ್ಪಿನೊಳಗೆ ಬೀಳುವ ಕಣವನ್ನು ಪ್ರಯಾಣಿಕ ತಡೆಯಲಾರ. ಕೂತಿರುವಷ್ಟು ಹೊತ್ತೂ, ದೀಪದ ಸೂಚನೆ ಆರಿದ್ದರೂ, ಸೀಟಿನ ಬೆಲ್ಟನ್ನು ಸಡಿಲವಾಗಿಯಾದರೂ ಕಟ್ಟಿಕೊಂಡಿರುವುದು ಅವನ ಕೈಯಲ್ಲಿದೆ.